ಅಂಗಡಿಯಲ್ಲಿ ಸಿಗದ ಮೀನು

ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ನಾನು ಇದನ್ನೆಲ್ಲ ನಂಬುವವನಲ್ಲ. ಆದರೂ ನನ್ನ ಹೆಂಡತಿಗೆ ಏಳು ತುಂಬಿದ ಮೇಲೆ ಒಂದು ಸಂಜೆ, ದೂರದೇಶದ ನೆಲ್ಸನ್ ಊರಿನ ನಮ್ಮ ಬಾಡಿಗೆ ಮನೆಯ ಸೋಫಾದ ಮೇಲೆ ಕಾಲು ಚಾಚಿ ಕೂತು, "ರೀ, ನನಗ ಹೊಳಿ ಮೀನ ತಿನ್ನಬೇಕಾಗೇತ್ರಿ" ಎಂದಾಗ ಮೊದಲು ನನ್ನ ಕೈ ಹೋದದ್ದು ನನ್ನ ಕಿವಿಗೇ.

ನಾನು ಮೈಸೂರಿನವನು. ನಮ್ಮ ಮನೆಯಲ್ಲಿ ಹಬ್ಬದ ದಿನ ಈರುಳ್ಳಿಗೂ ಒಳಗೆ ಪ್ರವೇಶವಿಲ್ಲ. ಅವಳು ಬಾಗಲಕೋಟೆ ಕಡೆಯವಳು, ಕೃಷ್ಣಾ ಹೊಳೆಯ ದಂಡೆಯ ಊರು. ಮದುವೆಗೆ ಒಪ್ಪುವಾಗ ನನ್ನಮ್ಮ ಹಾಕಿದ್ದು ಒಂದೇ ಷರತ್ತು: ನನ್ನ ಅಡುಗೆಮನೆಗೆ ಮೀನು ಬರಕೂಡದು. ಅದಕ್ಕೆ ಇವಳು ಕೈಮುಗಿದು, "ಆತ್ರಿ ಅತ್ತಿ, ನಿಮ್ಮ ಅಡಗಿಮನಿಗೆ ಮೀನಷ್ಟ ಅಲ್ಲ, ನಾನೂ ಬರೂದಿಲ್ರಿ" ಎಂದುಬಿಟ್ಟಳು. ಅಮ್ಮ ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ಈ ಮಾತನ್ನು ಓಣಿಗೆಲ್ಲ ಹೇಳಿಕೊಂಡು ನಕ್ಕರು.

ಮೀನು ತಾನೇ, ಅದರಲ್ಲೇನು ಎಂದುಕೊಂಡೆ. ನಾವಿರುವುದು ಬಂದರಿನ ಊರು. ಸೂಪರ್‌ಮಾರ್ಕೆಟ್ಟಿಗೆ ಹೋಗಿ ಮೂಗು ಹಿಡಿದುಕೊಂಡು ಸ್ನ್ಯಾಪರ್ ತಂದೆ. ಅವಳು ಒಂದು ಚೂರು ಬಾಯಿಗಿಟ್ಟು ತಟ್ಟೆ ಸರಿಸಿದಳು. "ಇದು ಸಮುದ್ರದ್ದರೀ. ನಾ ಕೇಳಿದ್ದು ಹೊಳಿದು." ಸಾಲ್ಮನ್ ತಂದೆ. "ಇದು ಸಾಕಿದ್ದು. ಕೋಳಿ ಫಾರ್ಮಿನ ವಾಸನಿ ಬರ್ತೈತಿ." ಕೊನೆಗೆ ಇಂಡಿಯನ್ ಅಂಗಡಿಯ ಫ್ರೀಜರ್‌ನ ತಳದಲ್ಲಿ ಕಲ್ಲಿನಂತಿದ್ದ ಒಂದು ಹೊಳೆಮೀನನ್ನು ಹುಡುಕಿ ತಂದೆ. ಅದನ್ನು ಅವಳು ಮೂಸಿಯೂ ನೋಡಲಿಲ್ಲ. "ಇದು ಸತ್ತು ಎಷ್ಟ ವರ್ಷ ಆಗೇತಿ? ಇದಕ್ಕ ತಿಥಿ ಮಾಡ್ರಿ, ಸಾರಲ್ಲ."

ನಮಗೆ ನಿಗದಿಯಾಗಿದ್ದ ಮಿಡ್‌ವೈಫ್ ಆ ವಾರ ಮನೆಗೆ ಬಂದಿದ್ದರು. ನನ್ನಮ್ಮ ಅವರನ್ನು ಸೂಲಗಿತ್ತಿ ಎನ್ನುತ್ತಾರೆ, ನನಗೂ ಅದೇ ಇಷ್ಟ. ಐವತ್ತು ದಾಟಿದ ಎತ್ತರದ ಹೆಂಗಸು, ಹುಡುಗರಂತೆ ಕತ್ತರಿಸಿದ ಬಿಳಿ ಕೂದಲು, ಓಡಿಸುವುದು ಯೂಟ್ ಎಂಬ ಹಿಂಬದಿ ತೆರೆದ ದೊಡ್ಡ ಗಾಡಿ. ಹೆಂಡತಿಯ ಹೊಟ್ಟೆಯ ಮೇಲೆ ಟೇಪು ಹಿಡಿದು ಅಳೆಯುತ್ತಾ, ಊಟ ಹೇಗೆ ಸೇರುತ್ತಿದೆ ಎಂದು ಕೇಳಿದರು. ಹೊಳೆಮೀನಿನ ಕಥೆ ಹೊರಬಿತ್ತು. ಟೇಪು ಅಲ್ಲೇ ನಿಂತಿತು.

"ನಿಮಗೆ ಬೇಕಾಗಿರುವುದು ಟ್ರೌಟ್, ಇಲ್ಲಿನ ಹೊಳೆಮೀನು" ಎಂದರು. ಅವರ ಕಣ್ಣು ಹೊಳೆದದ್ದನ್ನು ನಾನು ನೋಡಿದೆ.

"ಎಲ್ಲಿ ಸಿಗುತ್ತೆ? ಈಗಲೇ ಹೋಗಿ ತರ್ತೀನಿ" ಎಂದು ಕಾರಿನ ಕೀಲಿ ಎತ್ತಿಕೊಂಡೆ.

ಅವರು ನಕ್ಕರು. ಈ ದೇಶದಲ್ಲಿ ಟ್ರೌಟ್ ಮಾರುವ ಹಾಗಿಲ್ಲವಂತೆ, ಕೊಳ್ಳುವ ಹಾಗೂ ಇಲ್ಲವಂತೆ. ಕಾನೂನೇ ಹಾಗಿದೆ. ತಿನ್ನಬೇಕೆಂದರೆ ಲೈಸನ್ಸ್ ತೆಗೆದುಕೊಂಡು ನೀವೇ ಹಿಡಿಯಬೇಕು, ಇಲ್ಲವೇ ಹಿಡಿದವರು ಪ್ರೀತಿಯಿಂದ ಕೊಡಬೇಕು. ಉತ್ತರ ದ್ವೀಪದ ಬಿಸಿನೀರಿನ ಬುಗ್ಗೆಗಳಿರುವ ಕಡೆಯ ಟ್ರೌಟಿನಲ್ಲಿ ಪಾದರಸ ಸೇರಿರುತ್ತದೆ, ಬಸುರಿಯರಿಗೆ ಒಳ್ಳೆಯದಲ್ಲ, ನಮ್ಮ ಮೊಟುಏಕಾ ನದಿಯದಾದರೆ ಚೆನ್ನಾಗಿ ಬೇಯಿಸಿ ಒಂದು ದಿನ ತಿನ್ನಬಹುದು ಎಂದೂ ಹೇಳಿದರು. ಆದರೆ ಹಿಡಿಯುವ ಕಾಲ ಏಪ್ರಿಲ್ ಕೊನೆಗೆ ಮುಗಿಯುತ್ತದೆ. ನಮ್ಮ ಮಗು ಬರಬೇಕಾಗಿದ್ದದ್ದು ಮೇ ತಿಂಗಳಲ್ಲಿ.

"ನೀವೇ ಒಂದು ಹಿಡಿದು ಕೊಟ್ಟುಬಿಡಿ" ಎಂದೆ ಆಸೆಯಿಂದ.

"ಬಯಕೆ ಅವಳದು, ಗಂಡ ನೀನು" ಎಂದರು ಸೂಲಗಿತ್ತಿ. "ನಾನು ಕಲಿಸುತ್ತೇನೆ. ಹಿಡಿಯುವುದು ನೀನೇ."

ಆ ರಾತ್ರಿಯೇ ಅಮ್ಮನಿಗೆ ಫೋನ್ ಮಾಡಿದೆ. ಇವಳು ಬಸುರಿಯಾದ ಸುದ್ದಿ ತಿಳಿದ ದಿನವೇ ಅಮ್ಮ ನನಗೆ ಮೂರು ಕಟ್ಟಳೆ ಹಾಕಿದ್ದರು: ಬಸುರಿಯ ಗಂಡ ಗಡ್ಡ ತೆಗೆಸಬಾರದು, ತೆಂಗಿನಕಾಯಿ ಒಡೆಯಬಾರದು, ಒಂದು ಇರುವೆಯ ಜೀವವನ್ನೂ ತೆಗೆಯಬಾರದು. ಗಡ್ಡ ಆಗಲೇ ಎದೆಯತ್ತ ಹೊರಟಿತ್ತು, ಆಫೀಸಿನಲ್ಲಿ ನನ್ನನ್ನು ಸನ್ಯಾಸಿ ಎನ್ನುತ್ತಿದ್ದರು. ಅಡುಗೆಗೆ ಕಾಯಿ ಒಡೆಯುವವಳು ಅವಳೇ. ಮೂರನೆಯದು ಇದುವರೆಗೆ ತೊಂದರೆ ಕೊಟ್ಟಿರಲಿಲ್ಲ. ಈಗ ಅತ್ತ ದರಿ ಇತ್ತ ಪುಲಿ. ಬಯಕೆ ತೀರಿಸದಿದ್ದರೂ ಮಗುವಿಗೆ ಕೇಡು, ಮೀನು ಕೊಂದರೂ ಮಗುವಿಗೆ ಕೇಡು.

ಅಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, "ನೋಡಪ್ಪ, ಬಯಕೆ ಅಂದ್ರೆ ಬಯಕೆ. ಮೀನೋ ಮಾವಿನಕಾಯೋ, ಅದನ್ನ ಕೇಳೋಕೆ ನಾವ್ಯಾರು? ಹೋಗು, ಹಿಡಿ. ಆದ್ರೆ ಕೊಲ್ಲೋ ಕೆಲ್ಸ ಮಾತ್ರ ನಿನ್ನ ಕೈಯಲ್ಲಿ ಆಗ್ಬಾರ್ದು. ಆ ಸೂಲಗಿತ್ತಿನೇ ಮಾಡ್ಲಿ" ಎಂದು ತೀರ್ಪು ಕೊಟ್ಟರು. ಸೂಲಗಿತ್ತಿಗೆ ಇದನ್ನು ವಿವರಿಸುವುದು ಹೇಗೆಂದು ನಾನು ಹೆದರಿದ್ದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, ಅದಕ್ಕೇನಂತೆ, ಒಪ್ಪಿದೆ ಎಂದರು.

ನನಗೆ ಗಾಳದ ಸಾಮಾನಿನ ಹುಚ್ಚು ಹಿಡಿದದ್ದು ಆ ಶನಿವಾರ. ಲೈಸನ್ಸ್ ಪಡೆದು ಹೊಳೆಗೆ ಬಂದ ನನ್ನ ಕೈಗೆ ಸೂಲಗಿತ್ತಿ ತಮ್ಮದೇ ಒಂದು ಹಳೆಯ ಗಾಳದ ರಾಡನ್ನು ಕೊಟ್ಟರು. ಎಂದೂ ಮೀನು ಹಿಡಿಯದ ನನ್ನ ಕೈಗೆ ಅದು ಹೇಗೋ ಸರಿಯಾಗಿ ಕೂತಿತು. ಹಗುರವಾದ ಕೋಲು, ತುದಿ ಎಷ್ಟು ತೆಳುವೆಂದರೆ ಉಸಿರು ಬಿಟ್ಟರೂ ತೊನೆಯುತ್ತದೆ. ಬುಡದಲ್ಲಿ ರೀಲು, ರೀಲಿನ ತುಂಬ ಕೂದಲೆಳೆಯಂಥ ನೈಲಾನ್ ದಾರ. ರೀಲಿನ ತಲೆಯ ಮೇಲೆ ಒಂದು ತಿರುಪು. ಅದನ್ನು ಹದವಾಗಿ ಬಿಗಿ ಮಾಡಬೇಕು, ಮೀನು ರಭಸದಿಂದ ಎಳೆದರೆ ದಾರ ತುಂಡಾಗುವ ಮೊದಲೇ ರೀಲು ದಾರ ಬಿಟ್ಟುಕೊಡುವಷ್ಟು. ಹುಳು ಗಿಳು ಏನೂ ಇಲ್ಲ. ದಾರದ ತುದಿಗೆ ಕಟ್ಟುವುದು ಸ್ಪಿನ್ನರ್ ಎಂಬ ಒಂದು ಪುಟ್ಟ ಲೋಹದ ತುಂಡು. ಅದರ ಪಕ್ಕದಲ್ಲಿ ಬೆರಳುಗುರಿನಷ್ಟು ಬೆಳ್ಳಿ ಬಣ್ಣದ ಎಲೆ, ಕೆಳಗೆ ಕೊಕ್ಕೆ. ನೀರಿನಲ್ಲಿ ಎಳೆದರೆ ಎಲೆ ಗಿರ್ರನೆ ಸುತ್ತುತ್ತದೆ, ಮೀನಿಗೆ ಗಾಯಗೊಂಡ ಮರಿಮೀನಿನ ಹಾಗೆ ಕಾಣುತ್ತದೆ. ಕೊಕ್ಕೆಯ ಒಳಮುಳ್ಳನ್ನು ಅವರು ಇಕ್ಕಳದಿಂದ ಚಪ್ಪಟೆ ಮಾಡಿದ್ದರು, ತಪ್ಪಿಸಿಕೊಂಡ ಮೀನು ಅದನ್ನು ಸುಲಭವಾಗಿ ಉದುರಿಸಿಕೊಳ್ಳಲಿ ಎಂದು.

ನದಿಗೆ ಇಳಿಯುವ ಮೊದಲು ಅವರು ಬೂಟು, ಬಲೆ ಎಲ್ಲವನ್ನೂ ಸೋಪಿನ ನೀರಿನ ಬಕೆಟ್ಟಿನಲ್ಲಿ ಅದ್ದಿ ಉಜ್ಜಿದರು. ಬೇರೆ ಹೊಳೆಯ ಪಾಚಿ ಈ ಹೊಳೆಗೆ ಅಂಟಬಾರದಂತೆ. ನನ್ನ ಹೆಂಡತಿ ದಂಡೆಯಲ್ಲಿ ಕ್ಯಾಂಪಿನ ಕುರ್ಚಿ ಹಾಕಿಕೊಂಡು, ಚುರುಮುರಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ನೋಡ್ರಿ, ನಿಮ್ಮವ್ವನಕಿಂತ ಜೋರ್ ಮಡಿ ಐತಿ ಇವರದು" ಎಂದಳು.

ಭೂಮಿಯ ಈ ತುದಿಯಲ್ಲಿ ಋತುಗಳು ತಿರುಗುಮುರುಗು, ಮೊಟುಏಕಾ ಕಣಿವೆಯಲ್ಲಿ ಆಗ ಶರತ್ಕಾಲ. ಪಾಪ್ಲರ್ ಮರಗಳೆಲ್ಲ ಹಳದಿ, ತೋಟಗಳಲ್ಲಿ ಸೇಬು ಕೊಯ್ಲು. ನನ್ನ ಕೆಲಸವೂ ಸೇಬಿನದೇ, ಅವನ್ನು ವಿಂಗಡಿಸುವ ಯಂತ್ರಗಳ ಸಾಫ್ಟ್‌ವೇರ್. ಕೊಯ್ಲಿನ ಕಾಲದಲ್ಲಿ ವಾರವೆಲ್ಲ ಫೋನ್ ಬಡಿದುಕೊಳ್ಳುತ್ತದೆ. ಹಾಗಾಗಿ ನನಗೆ ಸಿಗುತ್ತಿದ್ದದ್ದು ಶನಿವಾರಗಳು ಮಾತ್ರ. ಅದೂ ಏಪ್ರಿಲ್ ಮುಗಿಯುವ ತನಕ.

ಸೂಲಗಿತ್ತಿ ಕಲಿಸಿದ್ದು ಇಷ್ಟು. ಟ್ರೌಟ್ ಯಾವಾಗಲೂ ನೀರು ಬರುವ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತದೆ, ಆದ್ದರಿಂದ ಅದರ ಬೆನ್ನ ಕಡೆಯಿಂದ ಹೋಗಬೇಕು. ಬಗ್ಗಿ ನಡೆಯಬೇಕು, ನೆರಳು ನೀರಿಗೆ ಬೀಳಬಾರದು. ವೇಗದ ನೀರೂ ನಿಧಾನದ ನೀರೂ ಸೇರುವ ಅಂಚಿನಲ್ಲಿ ಅದು ಕಾಯುತ್ತದೆ, ಊಟ ತಾನಾಗಿ ಬರುವ ಜಾಗವಲ್ಲವೇ. ಸ್ಪಿನ್ನರನ್ನು ಹೊಳೆಗೆ ಅಡ್ಡಲಾಗಿ, ಸ್ವಲ್ಪ ಮೇಲಕ್ಕೆ ಎಸೆ. ಮುಳುಗಲು ಬಿಡು. ಆಮೇಲೆ ಸುತ್ತು, ಆದರೆ ಎಲೆ ತಿರುಗುವಷ್ಟೇ ವೇಗದಲ್ಲಿ.

ಮೊದಲನೆಯ ಎಸೆತ ವಿಲೋ ಮರದ ಮೇಲೆ ಕೂತಿತು. ಎರಡನೆಯದು ನನ್ನ ಜಾಕೆಟ್ಟಿನ ಬೆನ್ನಿಗೆ. "ಗಾಳಕ್ಕ ಗಂಡ ಸಿಕ್ಕಾನ ನೋಡ್ರಿ, ಕೆಜಿ ಎಷ್ಟ ಆಗ್ತಾನ?" ಎಂದು ದಂಡೆಯಿಂದ ಹೆಂಡತಿ. ಸೂಲಗಿತ್ತಿಗೆ ಕನ್ನಡ ಬಾರದಿದ್ದರೂ ನಗಬೇಕಾದ ಜಾಗ ಗೊತ್ತಾಗುತ್ತಿತ್ತು. ಸ್ಯಾಂಡ್‌ಫ್ಲೈ ಎಂಬ ಕಚ್ಚುವ ಸಣ್ಣ ನೊಣಗಳು ನನ್ನ ಕಾಲಿನ ಗಂಟನ್ನು ಹಬ್ಬದೂಟ ಮಾಡಿಕೊಂಡಿದ್ದವು, ಒಂದನ್ನೂ ಹೊಡೆಯುವ ಹಾಗಿರಲಿಲ್ಲ. ಆಮೇಲೊಂದು ಎಸೆತ ಚೆನ್ನಾಗಿ ಹೋಗಿ ನೀರಿಗೆ ಬಿತ್ತು. ಸುತ್ತತೊಡಗಿದೆ. ಆಗ ಬಂತು ನೋಡಿ, ಕೋಲಿನ ತುದಿಯಿಂದ ನನ್ನ ಅಂಗೈಗೆ ಒಂದು ಮಿಡಿತ. ಡುರ್ ಡುರ್ ಡುರ್ ಎಂದು, ನೀರಿನ ತಳದಲ್ಲಿ ಆ ಪುಟ್ಟ ಎಲೆ ಸುತ್ತುವುದು ನನ್ನ ಕೈಗೆ ಗೊತ್ತಾಗುತ್ತಿದೆ! ನಾನು ಕೂಗಿಯೇಬಿಟ್ಟೆ. ಮೀನು ಸಿಕ್ಕಿತೆಂದು ಹೆಂಡತಿ ಎದ್ದು ನಿಂತಳು. ಸಿಕ್ಕಿರಲಿಲ್ಲ. ನನಗೆ ಆಗಲೇ ಅಷ್ಟು ಸಂತೋಷ.

ಆಮೇಲಿನ ದಿನಗಳಲ್ಲಿ ನಾನು ನಾನಾಗಿರಲಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ನೋಡುವುದು ನದಿಯ ನೀರಿನ ಮಟ್ಟ. ಹಿತ್ತಲಿನ ಹುಲ್ಲಿನ ಮೇಲೆ ತಟ್ಟೆ ಇಟ್ಟು ಅದಕ್ಕೆ ಗುರಿಯಿಟ್ಟು ಎಸೆಯುವುದು. ಊಟದ ಟೇಬಲ್ಲಿನ ಮೇಲೆ ಬೆಳ್ಳಿಯ, ಚಿನ್ನದ ಬಣ್ಣದ, ಕಪ್ಪು ಚುಕ್ಕೆಯ ಸ್ಪಿನ್ನರ್‌ಗಳ ಸಾಲು. ಮೋಡವಿದ್ದರೆ ಚಿನ್ನದ್ದು, ಬಿಸಿಲಿದ್ದರೆ ಬೆಳ್ಳಿಯದು ಎಂದು ನಾನು ಉಪನ್ಯಾಸ ಕೊಡುತ್ತಿದ್ದೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು, "ಅಲ್ರೀ, ಬಸುರಿ ನಾನೋ ನೀವೋ?"

ಗಂಟು ಹಾಕುವುದೊಂದನ್ನು ಹೇಳಬೇಕು. ದಾರವನ್ನು ಸ್ಪಿನ್ನರ್‌ನ ಕಿವಿಯಲ್ಲಿ ತೂರಿಸಿ, ತನ್ನ ಮೇಲೇ ನಾಲ್ಕೈದು ಸುತ್ತು ಸುತ್ತಿ, ತುದಿಯನ್ನು ಕೆಳಗಿನ ಕುಣಿಕೆಯೊಳಗೆ ಹಾಯಿಸಿ ಎಳೆಯಬೇಕು. ಎಳೆಯುವ ಮುಂಚೆ ಸೂಲಗಿತ್ತಿ ಪ್ರತಿ ಸಲವೂ ಗಂಟನ್ನು ಬಾಯಿಗೆ ಹಾಕಿ ಚಪ್ಪರಿಸಿ ತೆಗೆಯುತ್ತಿದ್ದರು. ನನಗೆ ಮೈ ಜುಮ್ಮೆನ್ನುತ್ತಿತ್ತು. ಎಂಜಲು! ಅಂಚೆಯ ಲಕೋಟೆಯನ್ನು ನೆಕ್ಕಿ ಅಂಟಿಸಿದ್ದಕ್ಕೆ ಬೈಸಿಕೊಂಡ ಮನೆ ನನ್ನದು. ನೀರಿನ ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಮನೆ. ಮೀನಿನ ಬಾಯಿಗೆ ಹೋಗಿ ಬಂದ, ನಾಳೆ ಹೆಂಡತಿಯ ಊಟಕ್ಕೆ ದಾರಿಯಾಗುವ ವಸ್ತುವಿಗೆ ನಾನು ಎಂಜಲು ಮುಟ್ಟಿಸುವುದೇ? ಕೆಲವರು ಪೆನ್ನಿನ ತುದಿ ಕಚ್ಚುತ್ತಾರಲ್ಲ, ಇವರದು ಅಂಥ ಅಭ್ಯಾಸ ಎಂದುಕೊಂಡೆ. ಉಳಿದದ್ದನ್ನೆಲ್ಲ ಅವರಂತೆಯೇ ಕಲಿತೆ. ಅದೊಂದನ್ನು ಬಿಟ್ಟೆ, ಅವರಿಗೆ ಕಾಣದ ಹಾಗೆ.

ಕೊನೆಯ ಶನಿವಾರಕ್ಕೆ ಹಿಂದಿನ ಶನಿವಾರ. ತೆಳು ಮೋಡ. ಚಿನ್ನದ ಬಣ್ಣದ ಸ್ಪಿನ್ನರ್ ಕಟ್ಟಿ, ಒಣ ಗಂಟನ್ನು ಜಗ್ಗಿ ಬಿಗಿ ಮಾಡಿ ಎಸೆದೆ. ಮೂರು ಸುತ್ತು ಸುತ್ತಿರಬೇಕು, ಮಿಡಿತ ನಿಂತುಹೋಯಿತು. ಕಲ್ಲಿಗೆ ಸಿಕ್ಕಿಕೊಂಡಿತೆಂದು ಎಳೆದೆ. ಕಲ್ಲು ಓಡಿತು!

ರೀಲು ಕಿರ್ರ್ರ್ ಎಂದು ಕಿರುಚಿತು. ಕೋಲು ಬಿಲ್ಲಿನಂತೆ ಬಾಗಿತು. ಇಪ್ಪತ್ತು ಮಾರು ಆಚೆ ನೀರು ಒಡೆದು ಕಂದು ಬಣ್ಣದ ಒಂದು ಬೆನ್ನು ಮೇಲೆದ್ದು ಮುಳುಗಿತು. ಅಷ್ಟು ದೊಡ್ಡದನ್ನು ನಾನು ಊಹಿಸಿಯೇ ಇರಲಿಲ್ಲ. "ಬಿಡು, ಓಡಲಿ ಬಿಡು! ಕೋಲು ಮೇಲಕ್ಕೆ!" ಎಂದು ಸೂಲಗಿತ್ತಿ ನೀರಿನಲ್ಲಿ ದಡಬಡನೆ ಓಡಿ ಬಂದರು. "ಸುತ್ರಿ! ಸುತ್ರಿ!" ಎಂದು ಕುರ್ಚಿಯಿಂದ ಇವಳು. ನನ್ನ ಬಾಯಿಂದ ಏನೇನೋ ಬರುತ್ತಿತ್ತು, ನಗುತ್ತಿದ್ದೆ. ಮೀನು ತಿರುಗಿತು. ದಾರ ಸುತ್ತಿಕೊಂಡೆ. ಅದು ಮತ್ತೆ ಓಡಿತು, ಬಿಟ್ಟುಕೊಟ್ಟೆ. ಮತ್ತೆ ತಿರುಗಿತು. ಹತ್ತಿರ, ಇನ್ನೂ ಹತ್ತಿರ. ಹೊಟ್ಟೆಯ ಹಳದಿ ಕಂಡಿತು. ಸೂಲಗಿತ್ತಿ ಬಲೆ ನೀರಿಗಿಳಿಸಿದರು. ಮೀನು ಒಮ್ಮೆ ತಲೆ ಒದರಿತು, ಅಷ್ಟೆ. ಕೋಲು ಸೆಟೆದು ನಿಂತಿತು, ದಾರ ಗಾಳಿಯಲ್ಲಿ ತೇಲಿತು.

ಸೂಲಗಿತ್ತಿ ದಾರದ ತುದಿ ಹಿಡಿದು ನೋಡಿದರು. ಅದು ಹಂದಿಯ ಬಾಲದಂತೆ ಸುರುಳಿ ಸುತ್ತಿಕೊಂಡಿತ್ತು. "ಗಂಟು ಜಾರಿದೆ" ಎಂದರು. "ಬಿಗಿ ಮಾಡುವ ಮುಂಚೆ ಒದ್ದೆ ಮಾಡಲಿಲ್ಲವಾ? ಒಣಗಿದ್ದಾಗ ಎಳೆದರೆ ನೈಲಾನ್ ಉಜ್ಜಿಕೊಂಡು ಬಿಸಿಯಾಗುತ್ತದೆ, ಸುಟ್ಟು ಸೋಲುತ್ತದೆ. ನಾನು ಬಾಯಿಗೆ ಹಾಕಿಕೊಳ್ಳುವುದು ಅದಕ್ಕೇ ಅಲ್ಲವಾ."

ನಾನು ಎಂಜಲಿನ ವಿಷಯ ಹೇಳಿದೆ. ಹೇಳುತ್ತಿದ್ದಂತೆ ಅದು ಎಷ್ಟು ಪೆದ್ದಾಗಿ ಕೇಳುತ್ತಿದೆ ಎಂದು ನನಗೇ ಗೊತ್ತಾಯಿತು. ಅವರು ಒಂದು ಕ್ಷಣ ಕಣ್ಣು ಪಿಳಿಪಿಳಿ ಬಿಟ್ಟರು. ಅಷ್ಟರಲ್ಲಿ ದಂಡೆಯಿಂದ ಹೆಂಡತಿಯ ದನಿ ಬಂತು: "ಅಯ್ಯ ನನ್ನ ಗಂಡನ! ಬಾಯಾಗ ಬ್ಯಾಡಾದ್ರ ಬಿಡ್ರಿ, ಕಾಲ ಕೆಳಗ ಇಡೀ ಹೊಳಿ ಹರಿಯಾಕತ್ತೇತಿ. ಅದರಾಗ ಅದ್ದಾಕ ಏನಾಗಿತ್ತು?"

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಸೂಲಗಿತ್ತಿಯೂ ನಕ್ಕರು, ನಾನೂ ನಕ್ಕೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ನನ್ನ ವಿಷಯದಲ್ಲಿ ಅಕ್ಷರಶಃ ನಿಜವಾಗಿತ್ತು.

ಆದರೆ ಮನೆಗೆ ಮರಳುವಾಗ ಕಾರಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಸೇಬಿನ ತೋಟಗಳು ಮುಗಿಯುವ ಹೊತ್ತಿಗೆ ಅವಳ ಭುಜ ಅಲುಗುವುದು ಕಂಡಿತು. ಗಾಡಿ ಪಕ್ಕಕ್ಕೆ ನಿಲ್ಲಿಸಿದೆ.

"ಮೀನಿನ ಸಲುವಾಗಿ ಅಳಾಕತ್ತಿಲ್ರಿ" ಎಂದಳು. "ಅಕ್ಕ ಬಸುರಿದ್ದಾಗ ಅವ್ವ ತಾನೇ ಹೊಳಿಗೆ ಹೋಗಿ, ಬಲಿ ಎತ್ತೂ ಮಟ ನಿಂತು, ಮೀನ ತಂದು ಸಾರ ಮಾಡಿದ್ಲು. ಅಕ್ಕನ ತಾಟಿಗೆ ಹಾಕಿ, ನೀ ಬಸುರಾದಾಗ ನಿನಗೂ ಮಾಡ್ತೀನಿ ಅಂದಿದ್ಲು. ಅವ್ವ ಇದ್ದಿದ್ರ ಈಗ ಇಲ್ಲಿ ಬಂದು ಮಾಡಿ ಹಾಕ್ತಿದ್ಲು. ಅಷ್ಟ."

ಅವಳ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಇಷ್ಟು ದಿನ ನಾನು ಸ್ಪಿನ್ನರ್‌ಗಳ ಬಣ್ಣ ಲೆಕ್ಕ ಹಾಕುತ್ತಾ ಕೂತಿದ್ದೆ, ಅವಳು ಇದನ್ನು ಒಳಗೆ ಇಟ್ಟುಕೊಂಡಿದ್ದಳು. ಉಳಿದದ್ದು ಒಂದೇ ಶನಿವಾರ. ಆ ವಾರವೆಲ್ಲ ನಾನು ಗಂಟು ಹಾಕಿದೆ. ಆಫೀಸಿನ ಮೀಟಿಂಗಿನಲ್ಲಿ, ಕ್ಯಾಮೆರಾಕ್ಕೆ ಕಾಣದ ಹಾಗೆ ಮೇಜಿನ ಕೆಳಗೆ, ದಾರವನ್ನು ಬಾಯಿಗೆ ಹಾಕಿ, ಚಪ್ಪರಿಸಿ, ಮೆಲ್ಲಗೆ ಎಳೆದು. ಗಂಟು ಮೃದುವಾಗಿ ಜಾರಿ ಕೂರುವುದು ತುಟಿಗೇ ತಿಳಿಯುತ್ತಿತ್ತು.

ಕೊನೆಯ ಶನಿವಾರ ಬೆಳಿಗ್ಗೆ ನೀರಿನ ಮೇಲೆ ಮಂಜು ಇತ್ತು. ನಾವು ಮೂವರೂ ನದಿಗೆ ಬಂದು ಹೆಚ್ಚು ಹೊತ್ತಾಗಿರಲಿಲ್ಲ, ಸೂಲಗಿತ್ತಿಯ ಫೋನ್ ಸದ್ದು ಮಾಡಿತು. ಪಕ್ಕದ ಊರು ರಿಚ್‌ಮಂಡಿನಲ್ಲಿ ಒಬ್ಬಳಿಗೆ ಎಣಿಸಿದ್ದಕ್ಕಿಂತ ಮೊದಲೇ ನೋವು ಶುರುವಾಗಿದೆ. ಅವರು ಒದ್ದೆ ಬೂಟಿನಲ್ಲೇ ಯೂಟ್ ಹತ್ತಿದರು. ಹೊರಡುವ ಮುಂಚೆ ಕೈಬಲೆಯನ್ನೂ, ಮೊಳಕ್ಕಿಂತ ಗಿಡ್ಡವಾದ ಒಂದು ಮರದ ತುಂಡನ್ನೂ ನನ್ನ ಕೈಯಲ್ಲಿಟ್ಟರು. ಮೀನಿನ ತಲೆಯ ಮೇಲೆ, ಕಣ್ಣುಗಳ ಸ್ವಲ್ಪ ಹಿಂದೆ, ಒಂದೇ ಗಟ್ಟಿ ಏಟು. ಅದಕ್ಕೆ ನೋವಾಗುವ ಮೊದಲೇ ಮುಗಿದಿರುತ್ತದೆ ಎಂದರು. "ನಿನ್ನ ತಾಯಿಯ ಹತ್ತಿರ ನನ್ನ ಪರವಾಗಿ ಕ್ಷಮೆ ಕೇಳು" ಎಂದು ಹೇಳಿ ಹೊರಟೇಹೋದರು.

ಬಲೆಯನ್ನೂ ಮರದ ತುಂಡನ್ನೂ ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡೆ. ಈಗ ಮೀನು ಬಂದರೆ ಏನು ಮಾಡುವುದು? ಬರದಿದ್ದರೆ ಏನು ಮಾಡುವುದು? ಆದರೂ ಕೈ ಸುಮ್ಮನಿರಲಿಲ್ಲ. ಬೆಳ್ಳಿಯ ಸ್ಪಿನ್ನರನ್ನು ಬಾಯಲ್ಲಿ ಒದ್ದೆ ಮಾಡಿದ ಗಂಟಿನಿಂದ ಕಟ್ಟಿ, ಬಗ್ಗಿ ನಡೆದು, ಕವಲೊಡೆದ ನೀರಿನ ಅಂಚಿಗೆ ಎಸೆದೆ. ಒಂದು ಎರಡು ಎಂದು ಮನಸ್ಸಿನಲ್ಲೇ ಎಣಿಸಿ ಮುಳುಗಲು ಬಿಟ್ಟೆ, ಸುತ್ತಿದೆ. ಮಂಜು ಕರಗಿ ಬಿಸಿಲು ಬಂತು. ಚುರುಮುರಿ ಮುಗಿಯಿತು. ಮತ್ತೊಂದು ಎಸೆತ, ಮತ್ತೊಂದು.

ಹೊಡೆಯಿತು! ಈ ಸಲ ಕಲ್ಲೆಂಬ ಅನುಮಾನವೇ ಬರಲಿಲ್ಲ. ನೇರ ಮೊಣಕೈಗೆ ಬಂತು ಏಟು. ಹೋದ ವಾರದಷ್ಟು ದೊಡ್ಡದಲ್ಲ, ಆದರೆ ರೋಷ ಅದಕ್ಕಿಂತ ಹೆಚ್ಚು. ಎರಡು ಸಲ ಪೂರ್ತಿ ನೀರಿನಿಂದ ಮೇಲಕ್ಕೆ ಹಾರಿತು. ಹಾರಿದಾಗೆಲ್ಲ ನನ್ನ ಎದೆಯೂ ಹಾರಿತು. ಒಳಮುಳ್ಳಿಲ್ಲದ ಕೊಕ್ಕೆ, ದಾರ ಒಂದು ಕ್ಷಣ ಸಡಿಲವಾದರೂ ಮೀನು ಹೋಯಿತೆಂದೇ ಲೆಕ್ಕ. ಓಡಿದಾಗ ಬಿಟ್ಟೆ, ನಿಂತಾಗ ಸುತ್ತಿದೆ, ಮೊಣಕಾಲಿನ ನೀರಿನಲ್ಲಿ ಅದರ ಜೊತೆಗೇ ಕೆಳಕ್ಕೆ ನಡೆದೆ. "ಸಾವಕಾಶ್ರಿ, ಸಾವಕಾಶ" ಎಂದು ಹೆಂಡತಿ ದಂಡೆಯ ಮೇಲೆ ನನ್ನ ಜೊತೆಗೇ ಬರುತ್ತಿದ್ದಳು, ಒಂದು ಕೈ ಸೊಂಟದ ಮೇಲೆ, ಒಂದು ಕೈ ಹೊಟ್ಟೆಯ ಕೆಳಗೆ. ಬಲೆಯನ್ನು ನೀರಿಗಿಳಿಸಿ ಮೀನಿನ ತಲೆಯನ್ನು ಅದರೊಳಕ್ಕೆ ನಡೆಸಿದೆ. ಮೇಲೆತ್ತಿದೆ. ಭಾರವಾಗಿತ್ತು.

ನನ್ನ ಜೀವನದಲ್ಲಿ ನಾನು ಹಾಗೆ ಕೂಗಿದ್ದು ಆ ಒಂದೇ ಸಲ. ಎದುರು ದಂಡೆಯ ಬಾತುಕೋಳಿಗಳೆಲ್ಲ ಎದ್ದುಹೋದವು. ಅವಳು ಚಪ್ಪಾಳೆ ತಟ್ಟುತ್ತಿದ್ದಳು. ಬಲೆಯಲ್ಲಿ, ನೀರಿನ ಅಂಚಿನಲ್ಲಿ, ಜೇನಿನ ಬಣ್ಣದ ಮೈಯ ಮೇಲೆ ಕಪ್ಪು ಚುಕ್ಕೆ, ನಡುನಡುವೆ ಕುಂಕುಮದ ಚುಕ್ಕೆ. ಇಷ್ಟು ಚೆಂದದ ಪ್ರಾಣಿಯನ್ನು ನಾನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಅದು ಬಾಯಿ ತೆರೆದು ಮುಚ್ಚುತ್ತಿತ್ತು.

ಕೂಗು ನಿಂತಿತು. ಇಬ್ಬರೂ ಮರದ ತುಂಡಿನ ಕಡೆ ನೋಡಿದೆವು.

"ಬಿಟ್ಟುಬಿಡ್ರಿ" ಎಂದಳು ಅವಳು. "ಅತ್ತಿಯವ್ರು ಹೇಳ್ಯಾರಲ್ಲ. ನೋಡಿದ್ನಲ್ಲ, ಸಾಕು. ನನಗೇನ್ ಬ್ಯಾಡ."

ಹಾಗೆಂದು ನದಿಯ ಮೇಲುಗಡೆಗೆ ಮುಖ ತಿರುಗಿಸಿದಳು. ನಿಜವಾಗಿ ಬೇಡ ಎನ್ನುವವರು ಮುಖ ತಿರುಗಿಸುವುದಿಲ್ಲ. ಅಷ್ಟು ನನಗೆ ಗೊತ್ತು, ಐದು ವರ್ಷದ ಗಂಡ ನಾನು. ಮೀನನ್ನು ನೀರಿನಲ್ಲೇ ಹಿಡಿದುಕೊಂಡು ಯೋಚಿಸಿದೆ. ಅಮ್ಮನ ಕಟ್ಟಳೆ ನನಗೆ ಕಾಗದದ ಮೇಲಿನ ಮಾತಲ್ಲ. ನಂಬುವವನಲ್ಲ ಎಂದು ಹೇಳಿಕೊಂಡೇ ಏಳು ತಿಂಗಳು ಗಡ್ಡ ಬಿಟ್ಟವನು, ಸ್ಯಾಂಡ್‌ಫ್ಲೈಗೂ ಕೈಯೆತ್ತದವನು. ಹೆದರಿಕೆ ನಿಜವಾದದ್ದು. ಮಗುವಿಗೆ ಏನಾದರೂ ಆದರೆ? ಆದರೆ ಹೊಳೆಯ ದಂಡೆಯಲ್ಲಿ ಬಲೆ ಎತ್ತುವವರೆಗೂ ನಿಂತಿದ್ದ ಆ ತಾಯಿ ಈಗ ಇಲ್ಲ. ಅವರ ಜಾಗದಲ್ಲಿ ಇಲ್ಲಿ ನಿಂತಿರುವವನು ನಾನೊಬ್ಬನೇ. ದೋಷವಿದ್ದರೆ ನನಗಿರಲಿ, ಮಗುವಿಗೆ ಬೇಡ ಎಂದು ಯಾರಿಗೆ ಹೇಳಿದೆನೋ, ಬಾಯಿಬಿಟ್ಟೇ ಹೇಳಿದೆ. ಮೀನಿಗೆ ಕ್ಷಮಿಸಪ್ಪ ಎಂದೆ. ಕಣ್ಣುಗಳ ಸ್ವಲ್ಪ ಹಿಂದೆ, ಒಂದೇ ಏಟು.

ಶಬ್ದಕ್ಕೆ ಅವಳು ತಿರುಗಿ ನೋಡಿದಳು. ಬಂದು ನನ್ನ ಒದ್ದೆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಒಂದು ಜೀವ ತೆಗೆದೆನೆಂಬ ಅಳುಕಿತ್ತು, ಅದರ ಜೊತೆಗೇ ಕುಣಿಯಬೇಕೆನ್ನಿಸುವಷ್ಟು ಹಿಗ್ಗೂ ಇತ್ತು. ಎರಡೂ ಒಟ್ಟಿಗೆ ಇರಬಹುದೆಂದು ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಅವಳೇ ಕೂತು ಮೀನು ಹಸನು ಮಾಡಿದಳು. ಒಳಗಿನ ಮಾಂಸ ಕಿತ್ತಳೆ ಬಣ್ಣದ್ದು. "ಇದೇನ್ರೀ ಗಜ್ಜರಿ ತಿಂದು ಬೆಳದೇತೇನ?" ಎಂದು ಬೆರಗಾದಳು. ಒಣಕೊಬ್ಬರಿ, ಬೆಳ್ಳುಳ್ಳಿ, ಹುರಿದು ಕುಟ್ಟಿದ ಮಸಾಲೆ ಖಾರ, ಹುಣಸೆ ಹುಳಿ. ಊರಿನಿಂದ ತಂದು ಕಾಪಾಡಿಟ್ಟಿದ್ದ ಜೋಳದ ಹಿಟ್ಟು ಹೊರಬಂತು. ರೊಟ್ಟಿ ಬಡಿಯುವ ಸದ್ದು ಮನೆಯಲ್ಲಿ ಬಹಳ ದಿನಗಳ ಮೇಲೆ ಕೇಳಿತು. ನಾನು ಕಿಟಕಿಗಳನ್ನೆಲ್ಲ ತೆರೆದಿಟ್ಟು, ಎದುರಿಗೆ ಮೊಸರನ್ನ ಕಲಸಿಕೊಂಡು ಕೂತೆ.

ಅವಳು ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಹೇಗಿದೆ ಎಂದು ಕೇಳಿದೆ. ಮತ್ತೊಂದು ತುತ್ತು, ಮತ್ತೊಂದು. ಮುಳ್ಳುಗಳನ್ನು ತಟ್ಟೆಯ ಅಂಚಿಗೆ ಒಂದೊಂದಾಗಿ ಸರಿಸುತ್ತಾ, ಮೂಗು ಸೊರಸೊರ ಎಳೆಯುತ್ತಾ, ಖಾರಕ್ಕೋ ಅಳುವಿಗೋ ತಿಳಿಯದ ಹಾಗೆ ತಿಂದಳು.

ಆಗಲೇ ಅಮ್ಮನ ವಿಡಿಯೋ ಕಾಲ್ ಬಂತು. ಅಲ್ಲಿ ಮಧ್ಯಾಹ್ನ. ಫೋನನ್ನು ಹಾಲಿನ ಪ್ಯಾಕೆಟ್ಟಿಗೆ ಒರಗಿಸಿಟ್ಟೆ. ತಟ್ಟೆಯನ್ನು ಮರೆಮಾಡಲು ಇವಳು ಕೈ ಅಡ್ಡ ತಂದಳು. "ಇರ್ಲಿ ಬಿಡಮ್ಮ, ನೋಡ್ತೀನಿ" ಎಂದರು ಅಮ್ಮ. ಎಪ್ಪತ್ತರ ಹತ್ತಿರ ಬಂದರೂ ಮೀನಿನ ತಟ್ಟೆಯ ಎದುರು ಕೂರದ ಅಮ್ಮ ಕನ್ನಡಕ ಸರಿಮಾಡಿಕೊಂಡು ಆ ತಟ್ಟೆಯನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಸೂಲಗಿತ್ತಿ ಬಂದಿದ್ರೇನೋ?"

"ಬಂದಿದ್ರಮ್ಮ. ಮಧ್ಯದಲ್ಲಿ ಹೆರಿಗೆಗೆ ಕರೆ ಬಂತು, ಹೊರಟುಹೋದ್ರು."

"ಹಾಗಾದ್ರೆ ನೀನೇನಾ?"

"ಹೂಂ ಅಮ್ಮ. ನಾನೇ."

ಇವಳ ಕೈ ತಟ್ಟೆಯ ಮೇಲೆ ನಿಂತಿತು. ಹಿಂದೆ ಎಲ್ಲೋ ಮೈಸೂರಿನ ರಸ್ತೆಯಲ್ಲಿ ಆಟೋ ಹಾರ್ನ್ ಹೊಡೆಯಿತು. ಅಮ್ಮ ಬೈಯುತ್ತಾರೆ, ಅಳುತ್ತಾರೆ, ನಾಳೆಯೇ ದೇವಸ್ಥಾನಕ್ಕೆ ಓಡುತ್ತಾರೆ ಎಂದುಕೊಂಡು ನಾನು ಕಾದೆ. ಅವರು ಪರದೆಗೆ ಇನ್ನಷ್ಟು ಹತ್ತಿರ ಬಂದರು, ಮುಖವೆಲ್ಲ ಕನ್ನಡಕವೇ ಆಯಿತು.

"ಬಾಯಿ ಬಿಟ್ಕೊಂಡು ನನ್ನನ್ನೇನೋ ನೋಡ್ತೀಯ?" ಎಂದರು. "ತಾಯಿ ಇಲ್ಲದ ಮಗು ಅದು. ತಟ್ಟೆ ಖಾಲಿಯಾಗಿದೆ, ಎದ್ದು ಇನ್ನೊಂದು ತುಂಡು ಬಡಿಸು."